ಮುಂದಿನ ಚಕ್ರದ ಹತ್ರ ಸೌಂಡ್ ಬರ್ತಿದ್ಯಾ? ಘಾಟಿ ಇಳಿಯೋ ಮುಂಚೆ ಹೀಗೆ ಚೆಕ್ ಮಾಡಿ

ಕಾರಿನ ಮುಂದಿನ ಚಕ್ರದ ಕಡೆ ಏನೋ ಸೌಂಡ್ ಬರ್ತಿದೆ ಅಂತ ಗ್ಯಾರೇಜಿಗೆ ಹೋದ್ರೆ ಒಳ್ಳೆ ಮೆಕ್ಯಾನಿಕ್ ಕೇಳೋ ಮೊದಲ ಮಾತು "ಯಾವಾಗ ಬರತ್ತೆ?" ಅಂತ. ಅದಕ್ಕೆ ನಮ್ಮಲ್ಲಿ ಬಹಳ ಜನ ಹೇಳೋದು "ಒಂದೊಂದ್ಸಲ ಬರತ್ತೆ ಅಣ್ಣ, ಒಂದೊಂದ್ಸಲ ಬರಲ್ಲ". ಇಷ್ಟೇ ಹೇಳಿದ್ರೆ ಅವರಾದ್ರೂ ಏನು ಮಾಡ್ತಾರೆ, ಅಂದಾಜಿನ ಮೇಲೆ ಒಂದು ಪಾರ್ಟ್ ಬದಲಾಯಿಸ್ತಾರೆ, ಸೌಂಡ್ ಹಾಗೇ ಇರತ್ತೆ, ಆಮೇಲೆ ಇನ್ನೊಂದು, ಕೊನೆಗೆ ದುಡ್ಡೂ ಹೋಯ್ತು ಸೌಂಡೂ ಹೋಗ್ಲಿಲ್ಲ. ಹಾಗಾಗಿ ಸೌಂಡ್ ಹೇಗಿದೆ ಅಂತ ಬಾಯಲ್ಲಿ ಮಾಡಿ ತೋರಿಸೋದಕ್ಕಿಂತ ಅದು ಯಾವಾಗ ಬರತ್ತೆ ಅಂತ ಹಿಡಿಯೋದು ಮುಖ್ಯ. ಸ್ಪೀಡ್ ಏರಿದ ಹಾಗೆ ಏರತ್ತಾ, ಸ್ಟೇರಿಂಗ್ ತಿರುಗಿಸಿದಾಗ ಬರತ್ತಾ, ಬ್ರೇಕ್ ಒತ್ತಿದಾಗ ಬದಲಾಗತ್ತಾ, ಗುಂಡಿಗೆ ಇಳಿದಾಗ ಮಾತ್ರಾನಾ. ಈ ನಾಲ್ಕಕ್ಕೆ ಉತ್ತರ ಸಿಕ್ರೆ ಮುಕ್ಕಾಲು ಕೆಲಸ ಮುಗೀತು ಅಂತಲೇ ಲೆಕ್ಕ.

ಕೊಡಗಲ್ಲಿ ಇರೋರಿಗೆ ಇದು ಇನ್ನೂ ಜಾಸ್ತಿ ಬೇಕು. ಕುಟ್ಟ, ಶ್ರೀಮಂಗಲ, ಭಾಗಮಂಡಲ ಕಡೆಯಿಂದ ಒಂದು ಪಾರ್ಟಿಗೆ ಗೋಣಿಕೊಪ್ಪಕ್ಕೋ ಕುಶಾಲನಗರಕ್ಕೋ ಓಡ್ಬೇಕು, ಅಲ್ಲೂ ಇಲ್ಲ ಅಂದ್ರೆ ಮೈಸೂರು. ಅದರ ಮೇಲೆ ಎಲ್ಲಿಗೆ ಹೊರಟ್ರೂ ಇಳಿಜಾರು, ತಿರುವು. ಮಡಿಕೇರಿ ಇರೋದು ಸುಮಾರು 1,150 ಮೀಟರ್ ಎತ್ತರದಲ್ಲಿ, ಅಲ್ಲಿಂದ ಸಂಪಾಜೆಗೆ ಇಳಿಯೋಷ್ಟರಲ್ಲಿ ಮುಂದಿನ ಬ್ರೇಕು, ಬೇರಿಂಗು, ಬಾಲ್ ಜಾಯಿಂಟಿನ (ಚಕ್ರದ ಭಾಗವನ್ನ ಸಸ್ಪೆನ್ಷನ್ನಿಗೆ ಸೇರಿಸೋ ಗುಂಡು ಕೀಲು) ಮೇಲೆ ಬೀಳೋ ಭಾರ ಬಯಲುಸೀಮೆ ಗಾಡಿಗಳಿಗೆ ಬೀಳೋದೇ ಇಲ್ಲ. ವಿರಾಜಪೇಟೆಯಿಂದ ಮಾಕುಟ್ಟ ಇಳಿಯೋದೂ ಅಷ್ಟೇ. ಕೆಲವು ಸೌಂಡ್ ಇಟ್ಕೊಂಡು ತಿಂಗಳುಗಟ್ಟಲೆ ಓಡಾಡಬಹುದು, ಕೆಲವು ಇಟ್ಕೊಂಡು ಒಂದು ಘಾಟಿ ಕೂಡ ಇಳಿಯಬಾರದು. ಯಾವುದು ಯಾವುದು ಅಂತ ಗೊತ್ತಾಗ್ಬೇಕು ಅಂತಲೇ ಇದನ್ನ ಬರೀತಿದ್ದೀನಿ.

ಮೊದಲು ಏನೂ ಬಿಚ್ಚದೆ ಸುಮ್ನೆ ನೋಡಿ. ಎಲ್ಲಕ್ಕಿಂತ ಮುಂಚೆ ವೀಲ್ ನಟ್. ಇತ್ತೀಚೆಗೆ ಪಂಕ್ಚರ್ ಹಾಕ್ಸಿದ್ರೆ, ಟೈರ್ ಅದಲು ಬದಲು ಮಾಡ್ಸಿದ್ರೆ, ಸ್ಪ್ಯಾನರ್ ಹಾಕಿ ಒಂದೊಂದೇ ನಟ್ ಟೈಟ್ ಇದ್ಯಾ ನೋಡ್ಲೇಬೇಕು. ನಟ್ ಸಡಿಲ ಆಗಿದ್ರೆ ಚಕ್ರ ಸುತ್ತೋ ಲೆಕ್ಕಕ್ಕೆ ಟಕ್ ಟಕ್ ಅಂತ ಬರತ್ತೆ, ದಿನಾ ಸ್ವಲ್ಪ ಸ್ವಲ್ಪ ಜಾಸ್ತಿ ಆಗತ್ತೆ, ಕೊನೆಗೆ ಚಕ್ರಾನೇ ಕಳಚಿಕೊಳ್ಳತ್ತೆ. ಚಿಕ್ಕ ಕಾರುಗಳಿಗೆ ಸಾಮಾನ್ಯವಾಗಿ 100 ನ್ಯೂಟನ್ ಮೀಟರ್ ಆಸುಪಾಸು ಟೈಟ್ ಬೇಕು, ನಿಮ್ಮ ಗಾಡಿಯ ಸರಿಯಾದ ಲೆಕ್ಕ ಅದರ ಪುಸ್ತಕದಲ್ಲಿ ಇರತ್ತೆ. ಸಾಲಾಗಿ ಒಂದರ ಪಕ್ಕ ಒಂದು ಬಿಗೀಬೇಡಿ, ಎದುರು ಬದುರು ಬಿಗೀರಿ. ಚಕ್ರ ಬಿಚ್ಚಿ ಹಾಕಿದ ಮೇಲೆ 50–100 ಕಿಲೋಮೀಟರ್ ಓಡ್ಸಿ ಇನ್ನೊಂದ್ಸಲ ನೋಡೋದು ಒಳ್ಳೇದು.

ಆಮೇಲೆ ಟೈರಿನ ಗೆರೆಗಳ ಸಂದಿಯಲ್ಲಿ ಜಲ್ಲಿ ಸಿಕ್ಕಾಕೊಂಡಿದ್ಯಾ, ಮೊಳೆ ಇದ್ಯಾ, ಚಕ್ರದ ಮೇಲಿರೋ ಪ್ಲಾಸ್ಟಿಕ್ ಲೈನರ್ ಕ್ಲಿಪ್ ಬಿಚ್ಚಿ ಟೈರಿಗೆ ತಾಗ್ತಿದ್ಯಾ, ಬಂಪರ್ ಕೆಳಗೆ ರೆಂಬೆ ಸಿಕ್ಕಿದ್ಯಾ ನೋಡಿ. ತೋಟದಲ್ಲಿ ಕಪಾತು ನಡೀತಿರೋ ಟೈಮಲ್ಲಿ ದಾರಿ ತುಂಬ ಕತ್ತರಿಸಿದ ಕಾಫಿ ರೆಂಬೆ ಬಿದ್ದಿರತ್ತೆ, ಅದರ ಮೇಲೆ ಕಾರ್ ಹತ್ತಿಸಿದ್ರೆ ಗ್ಯಾರಂಟಿ ಒಂದೆರಡು ಕೆಳಗೆ ಸಿಕ್ಕಾಕೊಳ್ಳತ್ತೆ. ಇನ್ನು ಡೋರ್ ಒಳಗಿನ ನೀರಿನ ಬಾಟಲಿ, ಡಿಕ್ಕಿಯಲ್ಲಿ ಸಡಿಲ ಆಗಿರೋ ಜಾಕಿ, ಇದನ್ನೂ ಒಂದ್ಸಲ ಎತ್ತಿಟ್ಟು ಓಡ್ಸಿ ನೋಡಿ, ಲೊಡ ಲೊಡ ಅನ್ನೋ ಸೌಂಡ್ ಎಷ್ಟೋ ಸಲ ಅಲ್ಲಿಗೇ ನಿಲ್ಲತ್ತೆ.

ಎಡಗಡೆಯೋ ಬಲಗಡೆಯೋ ಅಂತ ಕಾರ್ ಒಳಗೆ ಕೂತು ಹೇಳೋದು ಕಷ್ಟ, ಶಬ್ದ ಬಾಡಿ ಮೂಲಕ ಎಲ್ಲ ಕಡೆ ಹರಡತ್ತೆ. ಅದಕ್ಕೆ ನಮ್ಮ ರಸ್ತೇನೇ ಸಹಾಯ ಮಾಡತ್ತೆ ನೋಡಿ. ಒಂದು ಕಡೆ ಎತ್ತರದ ಬರೆ (ಗುಡ್ಡ ಕಡಿದ ಮಣ್ಣಿನ ಗೋಡೆ) ಇರೋ ಜಾಗದಲ್ಲಿ ಆ ಕಡೆ ಗ್ಲಾಸ್ ಮಾತ್ರ ಇಳಿಸಿ ನಿಧಾನಕ್ಕೆ ಹೋಗಿ, ಆ ಕಡೆ ಚಕ್ರದ ಸೌಂಡ್ ಬರೆಗೆ ಬಡಿದು ನೇರ ಕಿವಿಗೆ ಬರತ್ತೆ. ವಾಪಸ್ ಬರುವಾಗ ಬರೆ ಇನ್ನೊಂದು ಕಡೆಗೆ ಸಿಗತ್ತೆ, ಆಗ ಆ ಕಡೆ ಗ್ಲಾಸ್ ಇಳಿಸಿ ಕೇಳಿ. ಪಕ್ಕದ ಸೀಟಲ್ಲಿ ಯಾರನ್ನಾದ್ರೂ ಕೂರಿಸಿಕೊಂಡು ಫೋನಲ್ಲಿ ರೆಕಾರ್ಡ್ ಮಾಡ್ಸಿ, ಓಡಿಸ್ತಾ ನೀವೇ ಮಾಡೋಕೆ ಹೋಗ್ಬೇಡಿ.

ಈಗ ಸ್ಪೀಡ್ ಜೊತೆ ಏರೋ ಸೌಂಡ್. ದೂರದಲ್ಲಿ ಹಿಟ್ಟಿನ ಗಿರಣಿ ಓಡ್ತಿರೋ ಹಾಗೆ ಗೊಂಯ್ ಅಂತ, 40 ದಾಟಿದ ಮೇಲೆ ಶುರುವಾಗಿ 60ಕ್ಕೆ ಜೋರಾಗಿ 80ಕ್ಕೆ ಮಾತಾಡೋಕೂ ಆಗದ ಹಾಗೆ ಬಂದ್ರೆ ಎರಡೇ ಅನುಮಾನ, ವೀಲ್ ಬೇರಿಂಗ್ ಅಥವಾ ಟೈರ್. ಘಾಟಿಯಲ್ಲಿ ಇದನ್ನ ಟೆಸ್ಟ್ ಮಾಡೋಕಾಗಲ್ಲ, ಸ್ಪೀಡೇ ಸಿಗಲ್ಲ, ಇಂಜಿನ್ ಸೌಂಡ್ ಬೇರೆ. ಕುಶಾಲನಗರ ದಾಟಿ ಬೈಲಕುಪ್ಪೆ ಕಡೆ ಹೋದ್ರೆ ರಸ್ತೆ ಸಮ ಇದೆ, ಅಲ್ಲಿ ಟ್ರಾಫಿಕ್ ಇಲ್ಲದ ಹೊತ್ತಲ್ಲಿ 60ರಲ್ಲಿ ಹೋಗ್ತಾ ಎರಡು ಸೆಕೆಂಡ್ ಕ್ಲಚ್ ಒತ್ತಿ. ಇಂಜಿನ್ ಸೌಂಡ್ ಇಳಿದ್ರೂ ಗೊಂಯ್ ಅನ್ನೋದು ಹಾಗೇ ಇದ್ರೆ ಅದು ಚಕ್ರದ ಕಡೆಯದೇ. ಇಳಿಜಾರಲ್ಲಿ ಮಾತ್ರ ಈ ಪ್ರಯೋಗ ಬೇಡ, ನ್ಯೂಟ್ರಲ್ ಹಾಕಿ ಇಳಿಸೋದಂತೂ ಬೇಡವೇ ಬೇಡ.

ಆಮೇಲೆ ಅದೇ ಸಮ ರಸ್ತೆಯಲ್ಲಿ, ಹಿಂದೆ ಮುಂದೆ ಗಾಡಿ ಇಲ್ಲದಾಗ, ಲೇನ್ ಒಳಗೇ ಸ್ಟೇರಿಂಗ್ ಸ್ವಲ್ಪ ಬಲಕ್ಕೆ, ಸ್ವಲ್ಪ ಎಡಕ್ಕೆ ಆಡ್ಸಿ. ಬಲಕ್ಕೆ ತಿರುಗಿಸಿದ್ರೆ ಗಾಡಿ ಭಾರ ಎಡ ಚಕ್ರದ ಮೇಲೆ ಬೀಳತ್ತೆ. ಆಗ ಸೌಂಡ್ ಜಾಸ್ತಿ ಆಗಿ, ಎಡಕ್ಕೆ ತಿರುಗಿಸಿದಾಗ ಕಮ್ಮಿ ಆದ್ರೆ ಎಡಗಡೆ ಬೇರಿಂಗ್ ಮೇಲೆ ಅನುಮಾನ. ಉಲ್ಟಾ ಆದ್ರೆ ಬಲಗಡೆದು. ಹೀಗೆ ಆಡಿಸಿದ್ರೂ ಏನೂ ವ್ಯತ್ಯಾಸ ಇಲ್ಲ, ಆದ್ರೆ ನುಣ್ಣನೆ ಹೊಸ ಟಾರ್‌ನಿಂದ ಕಾಂಕ್ರೀಟ್ ರಸ್ತೆಗೆ ಹೋದ ತಕ್ಷಣ ಸೌಂಡಿನ ರೀತಿ ಬದಲಾಯ್ತು ಅಂದ್ರೆ ಅದು ಟೈರ್. ಟೈರ್ ಮೇಲೆ ಅಂಗೈ ಆಡ್ಸಿ ನೋಡಿ, ಒಂದು ದಿಕ್ಕಿಗೆ ನುಣುಪು ಇನ್ನೊಂದು ದಿಕ್ಕಿಗೆ ಗರಗಸದ ಹಲ್ಲಿನ ಹಾಗೆ ಸಿಕ್ರೆ ಅಲೈನ್‌ಮೆಂಟ್, ಅಂದ್ರೆ ಚಕ್ರಗಳು ನೇರ ನಿಲ್ಲೋ ಲೆಕ್ಕ, ಹಾಳಾಗಿ ಟೈರ್ ಓರೆ ಸವೆದಿದೆ. ಖಾತ್ರಿ ಬೇಕು ಅಂದ್ರೆ ಮುಂದಿನ ಟೈರ್ ಹಿಂದಕ್ಕೆ ಹಾಕ್ಸಿ, ಸೌಂಡೂ ಹಿಂದಕ್ಕೆ ಹೋದ್ರೆ ಬೇರಿಂಗಿಗೆ ಖರ್ಚು ಮಾಡೋದು ಉಳೀತು.

ಬೇರಿಂಗ್ ಹೋಗೋಕೆ ನಮ್ಮಲ್ಲಿ ದೊಡ್ಡ ಕಾರಣ ನೀರು. ಮಳೆಗಾಲದಲ್ಲಿ ನಾಪೋಕ್ಲು ಕಡೆ, ಸಿದ್ದಾಪುರದ ಕರಡಿಗೋಡು ಕಡೆ ಹೊಳೆ ಉಕ್ಕಿ ರಸ್ತೆಗೆ ಬಂದಾಗ ಅರ್ಧ ಚಕ್ರ ಮುಳುಗೋ ನೀರಲ್ಲಿ ಗಾಡಿ ನುಗ್ಗಿಸ್ತಾರೆ. ಸೀಲ್ ಸ್ವಲ್ಪ ಹಳೇದಾಗಿದ್ರೂ ನೀರು, ಕೆಸರು ಬೇರಿಂಗ್ ಒಳಗೆ ಹೋಗತ್ತೆ, ಆವತ್ತು ಏನೂ ಗೊತ್ತಾಗಲ್ಲ, ವಾರಗಟ್ಟಲೆ ಆದ್ಮೇಲೆ ಗೊಂಯ್ ಅಂತ ಶುರುವಾಗತ್ತೆ. ಹಾಕ್ಸುವಾಗ ಒಂದು ವಿಷಯದಲ್ಲಿ ಬಿಗಿಯಾಗಿರಿ, ಪ್ರೆಸ್ ಮಾಡಿ ಕೂರಿಸೋ ಬೇರಿಂಗ್ ಆದ್ರೆ ಪ್ರೆಸ್ ಮಷಿನ್ ಇರೋ ಕಡೆಯೇ ಹಾಕ್ಸಿ. ಸುತ್ತಿಗೆಯಲ್ಲಿ ಬಡಿದು ಕೂರಿಸಿದ ಹೊಸ ಬೇರಿಂಗ್ ಬೇಗನೇ ಮತ್ತೆ ಕೂಗತ್ತೆ. ಎಬಿಎಸ್ (ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದ ಹಾಗೆ ನೋಡೋ ವ್ಯವಸ್ಥೆ) ಇರೋ ಎಷ್ಟೋ ಗಾಡಿಗಳಲ್ಲಿ ಬೇರಿಂಗಿನ ಒಂದು ಮುಖದಲ್ಲಿ ಮ್ಯಾಗ್ನೆಟ್ ರಿಂಗ್ ಇರತ್ತೆ, ಉಲ್ಟಾ ಕೂರಿಸಿದ್ರೆ ಎಬಿಎಸ್ ಲೈಟ್ ಹತ್ತತ್ತೆ, ಅದನ್ನೂ ಮೊದಲೇ ನೆನಪಿಸಿ, ಬೇಜಾರು ಮಾಡ್ಕೊಳ್ಳಲ್ಲ ಯಾರೂ.

ತಿರುವಲ್ಲಿ ಮಾತ್ರ ಬರೋ ಕಟ ಕಟ ಕಟ ಅನ್ನೋದು ಬೇರೆ ಜಾತಿ. ಸ್ಟೇರಿಂಗ್ ಪೂರ್ತಿ ತಿರುಗಿಸಿ ಆಕ್ಸಲರೇಟರ್ ಕೊಟ್ಟಾಗ ಬಂದ್ರೆ ಆಕ್ಸಲ್‌ನ ಹೊರಗಿನ ಸಿವಿ ಜಾಯಿಂಟ್ (ಚಕ್ರ ತಿರುಗಿದ್ರೂ ಇಂಜಿನ್ ಶಕ್ತಿಯನ್ನ ಅದಕ್ಕೆ ದಾಟಿಸೋ ಕೀಲು) ಸವೆದಿದೆ ಅಂತ. ಇದನ್ನ ನೋಡೋಕೆ ಕಾಫಿ ಒಣಗಿಸೋ ಕಣದಷ್ಟು ಒಳ್ಳೆ ಜಾಗ ಇಲ್ಲ, ಸಮ ಇರತ್ತೆ, ಅಗಲ ಇರತ್ತೆ, ಕಾಫಿ ಹರಡಿಲ್ಲದ ದಿನ ಫುಲ್ ಲಾಕ್ ಹಾಕಿ ನಿಧಾನಕ್ಕೆ ಎಡಕ್ಕೊಂದು ಬಲಕ್ಕೊಂದು ಸುತ್ತು ಹೊಡೀರಿ, ಸುತ್ತುವಾಗ ಸ್ವಲ್ಪ ಸ್ವಲ್ಪ ಆಕ್ಸಲರೇಟರ್ ಕೊಡಿ. ಆಮೇಲೆ ಸ್ಟೇರಿಂಗ್ ಒಂದು ಕಡೆಗೆ ಪೂರ್ತಿ ತಿರುಗಿಸಿ ನಿಲ್ಲಿಸಿ ಚಕ್ರದ ಹಿಂದೆ ಟಾರ್ಚ್ ಬಿಟ್ಟು ನೋಡಿ, ಮಡಿಕೆ ಮಡಿಕೆ ಇರೋ ಕಪ್ಪು ರಬ್ಬರ್ ಬೂಟ್ ಕಾಣತ್ತೆ. ಅದು ಹರಿದಿದ್ರೆ ರಿಮ್ ಒಳಗಡೆಗೆಲ್ಲ ಗ್ರೀಸ್ ಎರಚಿರತ್ತೆ. ಬೂಟ್ ಹರಿದು ಇನ್ನೂ ಸೌಂಡ್ ಬಂದಿಲ್ಲ ಅಂದ್ರೆ ಅದೃಷ್ಟ, ಕ್ಲೀನ್ ಮಾಡ್ಸಿ ಹೊಸ ಗ್ರೀಸ್, ಹೊಸ ಬೂಟ್ ಹಾಕ್ಸಿದ್ರೆ ಜಾಯಿಂಟ್ ಉಳಿಯತ್ತೆ. ಕಟ ಕಟ ಶುರುವಾದ ಮೇಲೆ ಗ್ರೀಸ್ ತುಂಬಿದ್ರೆ ಪ್ರಯೋಜನ ಇಲ್ಲ.

ಥಾರ್, ಜಿಪ್ಸಿ, ಹಳೇ ಜೀಪ್ ಇರೋರಿಗೆ ಒಂದು ಮಾತು. ಮಾಂದಲ್‌ಪಟ್ಟಿ ಥರದ ದಾರಿಯಲ್ಲಿ ಫೋರ್ ವೀಲ್ ಹಾಕಿ ಅದನ್ನ ತೆಗೆಯದೆ ಟಾರ್ ರಸ್ತೆಗೆ ಬಂದು ತಿರುಗಿಸಿದ್ರೆ ಮುಂದಿನಿಂದ ಎಳೆದ ಹಾಗಾಗಿ ಟಕ್ ಟಕ್ ಅನ್ನತ್ತೆ. ಅದು ಪಾರ್ಟ್ ಹೋಗಿರೋದಲ್ಲ, ಮುಂದಿನ ಹಿಂದಿನ ಆಕ್ಸಲ್ ಒಂದನ್ನೊಂದು ತಿಣುಕಿಸ್ತಿರೋದು. ತಕ್ಷಣ ಟೂ ವೀಲ್‌ಗೆ ಹಾಕಿ, ಹಾಗೇ ಓಡ್ಸಿದ್ರೆ ಆಮೇಲೆ ನಿಜವಾಗ್ಲೂ ಹೋಗತ್ತೆ.

ಬ್ರೇಕ್ ಸೌಂಡ್ ಗುರುತಿಸೋದು ಸುಲಭ. ಮಳೆಗಾಲದಲ್ಲಿ ರಾತ್ರಿ ಹೊರಗೆ ನಿಂತ ಗಾಡಿ ಬೆಳಿಗ್ಗೆ ಹೊರಟಾಗ ಕರ ಕರ ಅಂದು ನಾಲ್ಕು ಸಲ ಬ್ರೇಕ್ ಹಿಡಿದ ಮೇಲೆ ಸುಮ್ಮನಾದ್ರೆ ಅದು ಡಿಸ್ಕ್ ಮೇಲಿನ ತೆಳು ತುಕ್ಕು, ಬಿಟ್ಬಿಡಿ. ಸಣ್ಣಗೆ ಕೀಂ ಅಂತ ಕೂಗ್ತಾ ಇದ್ರೆ ಪ್ಯಾಡ್ ಸವೆದು ಅದರಲ್ಲಿರೋ ಎಚ್ಚರಿಕೆ ತಗಡು ಡಿಸ್ಕಿಗೆ ತಾಗ್ತಿರಬಹುದು, ರಿಮ್ ಸಂದಿಯಿಂದ ಟಾರ್ಚ್ ಬಿಟ್ಟು ನೋಡಿ, ಪ್ಯಾಡ್ 3 ಮಿಲಿಮೀಟರಿಗೆ ಬಂದಿದ್ರೆ ಬದಲಾಯಿಸೋ ಟೈಮ್. ಒಳಗಿನ ಪ್ಯಾಡ್ ಹೊರಗಿನದಕ್ಕಿಂತ ಜಾಸ್ತಿ ಸವೆದಿರೋದು ಉಂಟು, ಹಾಗಾಗಿ ಹೊರಗಿನದು ದಪ್ಪ ಕಂಡ್ರೆ ಸಾಲದು. ಬ್ರೇಕ್ ಒತ್ತಿದಾಗ ಕರ್ರ್ ಅಂತ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದ ಸೌಂಡ್ ಬಂದ್ರೆ ಪ್ಯಾಡ್ ಮುಗಿದಿದೆ, ಗಾಡಿ ಅಲ್ಲೇ ನಿಲ್ಲಿಸಿ.

ಜಲ್ಲಿ ರಸ್ತೆಯಲ್ಲಿ ಹೋಗಿ ಬಂದ ತಕ್ಷಣ ಕಿವಿ ಹರಿಯೋ ಹಾಗೆ ಕಿರ್ರ್ ಅಂತ ಶುರುವಾದ್ರೆ ಗಾಬರಿ ಬೀಳ್ಬೇಡಿ, ಡಿಸ್ಕಿಗೂ ಅದರ ಹಿಂದಿನ ತಗಡಿಗೂ ಮಧ್ಯ ಕಲ್ಲು ಸಿಕ್ಕಿರತ್ತೆ. ಸ್ವಲ್ಪ ರಿವರ್ಸ್ ತಗೊಂಡು ಮುಂದೆ ಬಂದ್ರೆ ಎಷ್ಟೋ ಸಲ ಉದುರಿ ಹೋಗತ್ತೆ. ಹೋಗಿಲ್ಲ ಅಂದ್ರೆ ಚಕ್ರ ಬಿಚ್ಚಿ ತೆಗೀಬೇಕು. ಓಡಿಸಿ ಬಂದ ಮೇಲೆ ಒಂದು ಕಡೆ ರಿಮ್ ಹತ್ರ ಕೈ ಇಟ್ರೆ ಮಾತ್ರ ವಿಪರೀತ ಬಿಸಿ, ಸುಟ್ಟ ವಾಸನೆ, ಇನ್ನೊಂದು ಕಡೆ ತಣ್ಣಗೆ ಅಂದ್ರೆ ಪ್ಯಾಡನ್ನ ಡಿಸ್ಕಿಗೆ ಒತ್ತೋ ಕ್ಯಾಲಿಪರ್ ಜಾಮ್. ಡಿಸ್ಕ್ ಮುಟ್ಟಬೇಡಿ, ಕೈ ಸುಡತ್ತೆ.

ಇನ್ನು ನಮ್ಮ ಕಡೆ ಅತಿ ಹೆಚ್ಚು ಬರೋ ದೂರು, ಗುಂಡಿಗೆ ಇಳಿದಾಗ ಬರೋ ಕಟ್, ಧಡ್. ಮಳೆಗಾಲ ಮುಗಿಯೋ ಹೊತ್ತಿಗೆ ರಸ್ತೆ ಹೇಗಿರತ್ತೆ ಅಂತ ಹೇಳ್ಬೇಕಾಗಿಲ್ಲ, ಮುಂದಿನ ಸಸ್ಪೆನ್ಷನ್‌ನ ರಬ್ಬರು, ಜಾಯಿಂಟು ಎಲ್ಲ ಆಗ್ಲೇ ಸಾಯೋದು. ಇಲ್ಲೇ ಅಂದಾಜಿಗೆ ಪಾರ್ಟ್ ಬದಲಾಯಿಸೋದೂ ಜಾಸ್ತಿ, ಅದಕ್ಕೆ ಸ್ವಲ್ಪ ನಿಧಾನಕ್ಕೆ ನೋಡ್ಬೇಕು. ಮೊದಲ ಟೆಸ್ಟ್ ಸುಲಭ. ಸಣ್ಣ ಸಣ್ಣ ಗುಂಡಿ ಇರೋ ಕಡೆ 15–20ರಲ್ಲಿ ಹೋಗ್ತಾ ಬ್ರೇಕ್ ಪೆಡಲ್ ಮೇಲೆ ಹಗುರಕ್ಕೆ ಕಾಲಿಡಿ. ಕಟ ಕಟ ನಿಂತೋದ್ರೆ ಕ್ಯಾಲಿಪರ್ ಪಿನ್ ಸವೆದು ಅಥವಾ ಪ್ಯಾಡ್ ಕ್ಲಿಪ್ ಇಲ್ಲದೆ ಅದು ಅಲ್ಲಾಡ್ತಿದೆ, ಸಸ್ಪೆನ್ಷನ್ ಕಡೆ ಹೋಗೋದೇ ಬೇಡ.

ಬ್ರೇಕ್ ಒತ್ತಿದ್ರೂ ಬರ್ತಿದ್ರೆ ಮುಂದಿನ ಅನುಮಾನ ಲಿಂಕ್ ರಾಡ್, ಅಂದ್ರೆ ತಿರುವಲ್ಲಿ ಗಾಡಿ ವಾಲದ ಹಾಗೆ ತಡೆಯೋ ಬಾರನ್ನ ಸಸ್ಪೆನ್ಷನ್ನಿಗೆ ಸೇರಿಸೋ ಸಣ್ಣ ರಾಡು. ನಿಧಾನಕ್ಕೆ ಹೋಗುವಾಗ, ಒಂದು ಚಕ್ರ ಮಾತ್ರ ಗುಂಡಿಗೆ ಇಳಿದಾಗ ಕಟ್ ಕಟ್ ಅನ್ನೋದು ಇದರ ಗುಣ, ಸ್ಪೀಡಲ್ಲಿ ಹೋದ್ರೆ ಕೇಳಲ್ಲ. ಗಾಡಿ ನೆಲದ ಮೇಲೇ ಇದ್ದಾಗ ಸ್ಟೇರಿಂಗ್ ತಿರುಗಿಸಿ ಇಟ್ಟು ಚಕ್ರದ ಹಿಂದೆ ಕೈ ಹಾಕಿ ರಾಡ್ ಹಿಡಿದು ಜೋರಾಗಿ ಅಲ್ಲಾಡ್ಸಿ, ಕಟ್ ಅಂದ್ರೆ ಅದೇ. ಮೆಕ್ಯಾನಿಕ್ ಹತ್ರ ಎರಡೂ ಕಡೆ ಲಿಂಕ್ ರಾಡ್ ಬಿಚ್ಚಿಸಿ ಗ್ಯಾರೇಜ್ ಮುಂದೆಯೇ ಅದೇ ಥರದ ಗುಂಡಿಯಲ್ಲಿ ಮೆಲ್ಲಗೆ ಒಂದು ಟ್ರಯಲ್ ನೋಡಬಹುದು, ಸೌಂಡ್ ನಿಂತ್ರೆ ಪಕ್ಕಾ. ಸಸ್ಪೆನ್ಷನ್‌ನಲ್ಲಿ ಕಮ್ಮಿ ಖರ್ಚಿನ ಪಾರ್ಟ್ ಇದು, ಶಾಕ್ ಅಬ್ಸಾರ್ಬರ್ ಬದಲಾಯಿಸಿ ಅಂತ ಯಾರಾದ್ರೂ ಹೇಳಿದ್ರೆ ಇದನ್ನ ನೋಡಿದ್ರಾ ಅಂತ ಒಂದ್ಸಲ ಕೇಳಿ.

ಬ್ರೇಕ್ ಹಿಡಿದಾಗ ಒಂದು ಧಡ್, ಹೊರಡುವಾಗ ಒಂದು ಧಡ್, ರಿವರ್ಸ್ ಹಾಕಿದಾಗ ಒಂದು, ಜೊತೆಗೆ ಬ್ರೇಕ್ ಹಿಡಿದಾಗ ಗಾಡಿ ಒಂದು ಕಡೆ ಎಳೀತಿದ್ರೆ ಲೋಯರ್ ಆರ್ಮ್ (ಚಕ್ರವನ್ನ ಕೆಳಗಿಂದ ಗಾಡಿಗೆ ಹಿಡಿದಿಡೋ ತೋಳು) ಸೇರೋ ಕಡೆ ಇರೋ ರಬ್ಬರ್ ಬುಶ್. ದೊಡ್ಡ ಗುಂಡಿಗೆ ಧಡ್ ಅಂತ ಬಿದ್ದು ಆಮೇಲೆ ಮೂತಿ ಇನ್ನೂ ಎರಡು ಮೂರು ಸಲ ಕುಣಿದ್ರೆ, ಶಾಕ್ ಅಬ್ಸಾರ್ಬರ್ ಮೇಲೆ ಎಣ್ಣೆ ಒಸರಿದ್ರೆ, ಆಗ ಶಾಕ್ ಅಬ್ಸಾರ್ಬರ್. ನಿಂತಲ್ಲೇ ಸ್ಟೇರಿಂಗ್ ತಿರುಗಿಸಿದಾಗ ಕಿರ್ ಅಂದು ಟಂಗ್ ಅಂದ್ರೆ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಸೇರಿದ ಕಂಬ) ಮೇಲಿನ ಮೌಂಟ್ ಅಥವಾ ಅದರ ಬೇರಿಂಗ್.

ಈಗ ಜಾಕಿ ಹಾಕಿ ನೋಡೋ ಕೆಲಸ. ಇದಕ್ಕೂ ಕಣವೇ ಬೇಕು, ನಮ್ಮ ಮನೆ ಮುಂದಿನ ಇಳಿಜಾರಲ್ಲಿ ಜಾಕಿ ಹಾಕ್ಬೇಡಿ. ಹ್ಯಾಂಡ್ ಬ್ರೇಕ್ ಎಳೆದು, ಗೇರ್ ಹಾಕಿ, ಹಿಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಡಿ. ಮಣ್ಣಿನ ಅಂಗಳ ಆದ್ರೆ, ಅದೂ ಮಳೆ ಬಂದ ಮೇಲೆ, ಜಾಕಿ ಹೂತು ಹೋಗತ್ತೆ, ಕೆಳಗೆ ದಪ್ಪ ಹಲಗೆ ಬೇಕೇ ಬೇಕು. ಎತ್ತಿದ ಮೇಲೆ ಸ್ಟೆಪ್ನಿಯನ್ನ ಬಾಡಿ ಕೆಳಗೆ ಮಲಗಿಸಿ ಇಡಿ, ಗಾಡಿ ಅಡಿಗೆ ಮಾತ್ರ ಯಾವ ಕಾರಣಕ್ಕೂ ತೂರಬೇಡಿ.

ಚಕ್ರದ ಮೇಲೊಂದು ಕೆಳಗೊಂದು ಕೈ ಇಟ್ಟು ಒಳಗೆ ಹೊರಗೆ ಅಲ್ಲಾಡ್ಸಿ. ಆಟ ಇದ್ರೆ, ಅಂದ್ರೆ ಸಡಿಲವಾಗಿ ಅಲ್ಲಾಡಿದ್ರೆ, ಬೇರಿಂಗ್ ಇರಬಹುದು ಬಾಲ್ ಜಾಯಿಂಟೂ ಇರಬಹುದು, ಎರಡನ್ನೂ ಬೇರೆ ಮಾಡೋಕೆ ಒಳಗೆ ಒಬ್ಬರನ್ನ ಕೂರಿಸಿ ಬ್ರೇಕ್ ಗಟ್ಟಿ ಒತ್ತೋಕೆ ಹೇಳಿ. ಬ್ರೇಕ್ ಒತ್ತಿದಾಗ ಡಿಸ್ಕೂ ಹಬ್ಬೂ ಹಿಂದಿನ ಭಾಗಕ್ಕೆ ಬಿಗಿಯತ್ತೆ, ಆಗ ಆಟ ಹೋದ್ರೆ ಬೇರಿಂಗ್, ಹೋಗದೆ ಹಾಗೇ ಇದ್ರೆ ಬಾಲ್ ಜಾಯಿಂಟ್ ಅಥವಾ ಸಸ್ಪೆನ್ಷನ್ ಕಡೆ. ಆಮೇಲೆ ಎಡ ಬಲ ಕೈ ಇಟ್ಟು ಅಲ್ಲಾಡ್ಸಿ, ಅದರಲ್ಲಿ ಮಾತ್ರ ಆಟ ಸಿಕ್ರೆ ಟೈ ರಾಡ್ (ಸ್ಟೇರಿಂಗ್ ತಿರುಗಿಸಿದ್ದನ್ನ ಚಕ್ರಕ್ಕೆ ಮುಟ್ಟಿಸೋ ರಾಡು) ಎಂಡ್ ಅಥವಾ ಸ್ಟೇರಿಂಗ್ ರ‍್ಯಾಕಿನ ಒಳಗಿನ ಜಾಯಿಂಟ್. ಕೊನೆಗೆ ಗೇರ್ ನ್ಯೂಟ್ರಲ್ ಮಾಡಿ ಒಂದು ಕೈ ಸಸ್ಪೆನ್ಷನ್ ಸ್ಪ್ರಿಂಗ್ ಮೇಲೆ ಇಟ್ಟು ಇನ್ನೊಂದರಲ್ಲಿ ಚಕ್ರ ಸುತ್ತಿಸಿ. ಒಳ್ಳೆ ಬೇರಿಂಗ್ ಆದ್ರೆ ಸ್ಪ್ರಿಂಗ್‌ನಲ್ಲಿ ಏನೂ ಗೊತ್ತಾಗಲ್ಲ, ಹಾಳಾಗಿದ್ರೆ ಗರ ಗರ ಅನ್ನೋ ನಡುಕ ಬೆರಳಿಗೆ ಸಿಗತ್ತೆ. ಆಟ ಇಲ್ಲದೆಯೂ ಬೇರಿಂಗ್ ಹೋಗಿರತ್ತೆ, ಹಾಗಾಗಿ ಈ ಒಂದನ್ನ ಬಿಡಬೇಡಿ, ಎರಡೂ ಕಡೆ ಮಾಡಿ ಹೋಲಿಸಿ.

ಯಾವ ತೊಂದ್ರೆ ಇದ್ರೆ ಗಾಡಿ ಹೊರಗೆ ತೆಗೀಲೇಬಾರದು ಅಂತ ಸ್ಪಷ್ಟವಾಗಿ ಹೇಳ್ತೀನಿ. ವೀಲ್ ನಟ್ ಸಡಿಲ ಆಗಿ ತೂತು ಸವೆದಿದ್ರೆ, ಬ್ರೇಕಲ್ಲಿ ಕಬ್ಬಿಣ ಉಜ್ಜೋ ಸೌಂಡ್ ಇದ್ರೆ, ಬಾಲ್ ಜಾಯಿಂಟಲ್ಲಾಗ್ಲಿ ಟೈ ರಾಡಲ್ಲಾಗ್ಲಿ ಆಟ ಕೈಗೆ ಸಿಕ್ರೆ, ಚಕ್ರ ಅಲ್ಲಾಡೋ ಮಟ್ಟಕ್ಕೆ ಬೇರಿಂಗ್ ಹೋಗಿದ್ರೆ, ಸಂಪಾಜೆಯೂ ಇಲ್ಲ ಮಾಕುಟ್ಟವೂ ಇಲ್ಲ, ಪಕ್ಕದ ಪೇಟೆಗೂ ಬೇಡ. ಬಾಲ್ ಜಾಯಿಂಟ್ ಕಳಚಿದ್ರೆ ಚಕ್ರ ಮಡಚಿ ಮಲಗತ್ತೆ, ಟೈ ರಾಡ್ ಕಳಚಿದ್ರೆ ಆ ಚಕ್ರ ಸ್ಟೇರಿಂಗ್ ಮಾತು ಕೇಳಲ್ಲ, ಒಂದು ಕಡೆ ಬರೆ ಇನ್ನೊಂದು ಕಡೆ ಪ್ರಪಾತ ಇರೋ ರಸ್ತೆಯಲ್ಲಿ ಅದರ ಅರ್ಥ ಬಿಡಿಸಿ ಹೇಳ್ಬೇಕಾ. ಮೆಕ್ಯಾನಿಕ್ ಅವರನ್ನ ಮನೆಗೆ ಕರೆಸಿ, ಇಲ್ಲ ಟೋ ಮಾಡ್ಸಿ, ಆ ಖರ್ಚಿಗೆ ಯೋಚನೆ ಮಾಡ್ಬೇಡಿ. ಲಿಂಕ್ ರಾಡ್, ಸ್ಟ್ರಟ್ ಮೌಂಟ್, ಟೈರ್ ಸೌಂಡ್, ಈಗಷ್ಟೇ ಶುರುವಾದ ಬೇರಿಂಗ್ ಸೌಂಡ್ ಇವುಗಳಲ್ಲಿ ನಿಧಾನಕ್ಕೆ ಗ್ಯಾರೇಜ್ ತನಕ ಹೋಗಬಹುದು.

ಗ್ಯಾರೇಜಲ್ಲಿ "ಬೇರಿಂಗ್ ಚೇಂಜ್ ಮಾಡಿ" ಅಂತ ಹೇಳ್ಬೇಡಿ, ಅವರು ಅದನ್ನೇ ಮಾಡಿ ಕಳಿಸ್ತಾರೆ. ಹೀಗೆ ಹೇಳಿ, "ಅಣ್ಣ, ಮುಂದೆ ಎಡಗಡೆ, 50 ದಾಟಿದ ಮೇಲೆ ಗೊಂಯ್ ಅಂತ ಬರತ್ತೆ, ಬಲಕ್ಕೆ ತಿರುಗಿಸಿದ್ರೆ ಜಾಸ್ತಿ ಆಗತ್ತೆ, ಕ್ಲಚ್ ಒತ್ತಿದ್ರೂ ನಿಲ್ಲಲ್ಲ, ಬ್ರೇಕಿಗೂ ಅದಕ್ಕೂ ಸಂಬಂಧ ಇಲ್ಲ, ಜಾಕಿ ಹಾಕಿ ಸುತ್ತಿಸಿದಾಗ ಸ್ಪ್ರಿಂಗಲ್ಲಿ ನಡುಕ ಸಿಕ್ತು". ಜೊತೆಗೆ ಅವರನ್ನ ಕೂರಿಸಿಕೊಂಡು ಸೌಂಡ್ ಬರೋ ರಸ್ತೆಗೇ ಒಂದು ಟ್ರಯಲ್ ಹೋಗಿ, ಕೆಲಸ ಆದ ಮೇಲೂ ಅದೇ ರಸ್ತೆಗೆ ಇನ್ನೊಂದು ಟ್ರಯಲ್ ಹೋಗಿ ಆಮೇಲೆ ದುಡ್ಡು ಕೊಡಿ. ಬಿಚ್ಚಿದ ಹಳೇ ಬೇರಿಂಗ್ ಕೇಳಿ ಇಸ್ಕೊಂಡು ಕೈಯಲ್ಲಿ ತಿರುಗಿಸಿ ನೋಡಿ, ಗರ ಗರ ಅಂದ್ರೆ ಸರಿಯಾದದ್ದೇ ಬಿಚ್ಚಿದ್ದಾರೆ. ಲೋಯರ್ ಆರ್ಮ್, ಟೈ ರಾಡ್, ಸ್ಟ್ರಟ್ ಯಾವುದನ್ನ ಬಿಚ್ಚಿ ಹಾಕಿದ್ರೂ ವೀಲ್ ಅಲೈನ್‌ಮೆಂಟ್ ಮಾಡಿಸ್ದೆ ಹಾಗೇ ಓಡಿಸ್ಬೇಡಿ, ಮಾಡಿಸದಿದ್ರೆ ಟೈರ್ ಓರೆ ಸವೆದು ಮತ್ತೆ ಗೊಂಯ್ ಅಂತ ಶುರುವಾಗತ್ತೆ, ಬೇರಿಂಗೇ ಮತ್ತೆ ಹೋಯ್ತು ಅಂತ ಅಂದ್ಕೋತೀರ.